ಮಣೆ ಏರಿದ ಎರಡು ಸ್ಲೇಟು

“ಇನ್ನು ಈ ಮನೆಯೊಳಗೆ ಬರೆಯಲಿಕ್ಕೆ ಅಂತ ಒಂದು ಚೂರು ಕಾಗದ ಕಂಡರೆ ನಾನು ದುಗ್ಗಪ್ಪನೇ ಅಲ್ಲ!”

ಹೀಗೆ ಘೋಷಿಸಿದವರು ಬೈಂದೂರಿನ ಪಂಪ್‌ಸೆಟ್ ಅಂಗಡಿಯ ದುಗ್ಗಪ್ಪನವರು. ಘೋಷಿಸಿ ಸುಮ್ಮನಿದ್ದರೆ ಅವರು ದುಗ್ಗಪ್ಪ ಹೇಗಾದಾರು? ವೇಷವಿಲ್ಲದೆ ಕೂತು ಮಾತಲ್ಲೇ ಯಕ್ಷಗಾನ ನಡೆಸುವ ತಾಳಮದ್ದಲೆಯ ಅರ್ಥಗಾರಿಕೆಗೆಂದು ವರ್ಷಗಟ್ಟಲೆ ಗೀಚಿಟ್ಟ ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ತುರುಕಿ, ಅದೇ ಬಿಸಿನೀರಲ್ಲಿ ಮಿಂದು ಬಂದರು.

ಇದಕ್ಕೆಲ್ಲ ಕಾರಣ ಹೆಂಡತಿಯ ತಮ್ಮ ಯತೀಶ್. ನವರಾತ್ರಿಗೆಂದು ಮುಂಬೈಯಿಂದ ಬಂದವನು ಎರಡು ಎಲೆಕ್ಟ್ರಾನಿಕ್ ಸ್ಲೇಟು ತಂದಿದ್ದ. ಕಾಗದದಂತೆಯೇ ಕಾಣುವ ಬೂದು ಪರದೆ, ಬರೆಯಲು ಒಂದೊಂದು ಪೆನ್ನು.

“ಭಾವ, ಎರಡ್ರಗೂ ಬರ್ದ್ ಕಾಣಿ. ನಿಮ್ಗ್ ಬೇಕಾದ್ದ್ ಇಟ್ಕಣಿ, ಉಳ್ದದ್ ನಂಗೆ.”

ದುಗ್ಗಪ್ಪನವರು ಪರೀಕ್ಷೆಗೆ ಕೂತರು. ತನ್ನನ್ನು ಹೆಣ್ಣು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ಕಣ್ಣರಳಿಸಿ ನೋಡಿರಲಿಲ್ಲ ಎಂಬುದು ಹೆಂಡತಿ ಸರೋಜಮ್ಮನ ದೂರು. ಚಿಕ್ಕ ಸ್ಲೇಟಿಗೆ ಒಳಗಿಂದ ಬೆಳಕಿತ್ತು, ಓದಲು ಸುಖ. ಬರೆಯ ಹೊರಟರೆ ಮಾತ್ರ ಪೆನ್ನು ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ ಜಾರುತ್ತಿತ್ತು. ದೊಡ್ಡದರಲ್ಲಿ ಪೆನ್ನು ಅಸಲಿ ಕಾಗದದ ಹಾಗೇ ಕರಕರ ಎನ್ನುತ್ತಿತ್ತು. ಆದರೆ ಅದಕ್ಕೆ ಬೆಳಕಿಲ್ಲ, ಕರೆಂಟು ಹೋದರೆ ಅದೂ ಕುರುಡು, ಇವರೂ ಕುರುಡು! ಅಭ್ಯಾಸಬಲದಿಂದ ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದರೆ ಚಿಕ್ಕದು ಅರ್ಧ ಪುಸ್ತಕ ಹಾರಿತು, ದೊಡ್ಡದು ಅಲ್ಲಾಡಲೇ ಇಲ್ಲ. ಎರಡಕ್ಕೂ ಸಮನಾಗಿ ಬೈದರು.

“ಇದೆಂತಕೆ ಈ ಕರ್ಮ? ಮೊಬೈಲ್ ಅಂಬ ಒಂದ್ ಮಿಷನ್ ಸಾಲ್ದಾ ಮನಿಗೆ?” ಎಂದರು ಸರೋಜಮ್ಮ.

ದುಗ್ಗಪ್ಪನವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. “ಮಿಷನ್ನಾ? ಇದ್ ಪುಸ್ತಕ! ಕಣ್ಣ್ ಬಿಟ್ಟ್ ಕಾಣ್, ಅಪ್ಪಟ ಪುಸ್ತಕ! ಇನ್ನೊಂದ್ ಸಲ ಮಿಷನ್ ಅಂದ್ರೆ ಕಾಣ್ ಮತ್ತೆ!”

“ಆಯ್ತ್ ಮಾರಾಯ್ರೆ. ಪುಸ್ತಕ.”

ಈ ಹಾರಾಟದ ಹಿಂದೆ ಒಂದು ಸಂಕಟವಿತ್ತು. ಇಷ್ಟು ವರ್ಷ ತಾಳಮದ್ದಲೆಯಲ್ಲಿ ಅವರಿಗೆ ಸಿಕ್ಕಿದ್ದು ಬರೀ ದ್ವಾರಪಾಲಕನ ಪಾತ್ರ. ಇಡೀ ಪ್ರಸಂಗಕ್ಕೆ ಒಂದೇ ಮಾತು: “ಅಪ್ಪಣೆ, ಪ್ರಭು!” ಅಂತೂ ಈ ಸಲ ಉಪ್ಪುಂದದ ಸಂಘದವರು ಹೊಸ ಪ್ರಸಂಗವೊಂದರಲ್ಲಿ ಶಾಂತಶೀಲನ ಪಾತ್ರದ ಅರ್ಥ ಹೇಳಲು ಕೊಟ್ಟಿದ್ದರು. ಶಾಂತಶೀಲ ಮಂತ್ರಿ, ಸಂಧಾನಕ್ಕೆ ಹೋಗುವವ. ದುಷ್ಟರಾಜ ಚಂಡವರ್ಮನ ಮುಂದೆ ಕೈಮುಗಿದು, ಕಸಿದುಕೊಂಡ ಮೂರು ಊರು ಬಿಟ್ಟುಕೊಡಪ್ಪಾ ಎಂದು ತಾಳ್ಮೆಯಿಂದ ಬೇಡಬೇಕು. ಚಂಡವರ್ಮ ಒಲ್ಲೆ ಎನ್ನಬೇಕು. ಆಮೇಲೆ ಭರ್ಜರಿ ಯುದ್ಧ. ಈ ಸಲ ಗೆದ್ದರೆ ಅರ್ಥಧಾರಿ, ಸೋತರೆ ಮತ್ತೆ ಬಾಗಿಲು ಕಾಯುವುದು! ಸ್ಲೇಟುಗಳ ಹೋಲಿಕೆಯೂ ಆಯಿತು, ತಯಾರಿಯೂ ಆಯಿತೆಂದು ಅವರು ಅರ್ಧ ಮಾತನ್ನು ಚಿಕ್ಕದರಲ್ಲೂ ಉಳಿದರ್ಧವನ್ನು ದೊಡ್ಡದರಲ್ಲೂ ಬರೆದಿಟ್ಟರು.

ತಾಳಮದ್ದಲೆ ಇದ್ದದ್ದು ಆಯುಧಪೂಜೆಯ ಸಂಜೆ. ಅಂಗಡಿಯ ಪೂಜೆ ಮುಗಿಸಿ ಬಂದ ದುಗ್ಗಪ್ಪನವರು ಜುಬ್ಬಾ ಏರಿಸಿ ಮೇಜಿಗೆ ಕೈ ಹಾಕಿದರೆ ಮೇಜು ಖಾಲಿ!

“ಸರೋಜಾ! ಸ್ಲೇಟ್ ಎಲ್ಲಿ?”

“ದೇವ್ರ ಕೋಣಿಯಗೆ.”

ಓಡಿ ಹೋಗಿ ನೋಡುತ್ತಾರೆ, ಶಾರದಾ ಪೂಜೆಯ ಮಣೆ! ಪಂಚಾಂಗ, ಭಜನೆ ಪುಸ್ತಕ, ಮಗಳ ಶಾಲೆ ಪುಸ್ತಕ, ಇವೆಲ್ಲದರ ಅಡಿಗೆ ಅಡಿಪಾಯದ ಕಲ್ಲಿನಂತೆ ದೊಡ್ಡ ಸ್ಲೇಟು. ತುದಿಯಲ್ಲಿ ಚಿಕ್ಕದು, ಹಣೆಗೆ ಕುಂಕುಮ, ತಲೆಗೊಂದು ದಾಸವಾಳ. ಪೂಜೆಗಿಟ್ಟ ಪುಸ್ತಕವನ್ನು ಮಾರನೆಯ ದಿನ ವಿಜಯದಶಮಿಯ ತನಕ ಮುಟ್ಟುವಂತಿಲ್ಲ, ಓದುವಂತಿಲ್ಲ.

“ಇದನ್ನ್ ಇಲ್ಲಿ ಇಡುಕೆ ಹೇಳಿದ್ ಯಾರ್ ನಿಂಗೆ?”

“ನೀವೇ ಅಲ್ದಾ ಅಪ್ಪಟ ಪುಸ್ತಕ ಅಂದದ್? ಮನಿ ಪುಸ್ತಕ ಎಲ್ಲ ಇಟ್ಟೆ.”

“ಅದ್ ಪುಸ್ತಕ ಅಲ್ಲ ಮಾರಾಯ್ತಿ! ಮಿಷನ್! ಚಾರ್ಜಿಗೆ ಹಾಕು ಮಿಷನ್!”

“ಮಿಷನ್ ಅಂದ್ರೂ ಇವತ್ತ್ ಆಯುಧಪೂಜೆ. ಪೂಜಿ ಆದ್ಮೇಲೆ ಸ್ಪ್ಯಾನರ್ ಮುಟ್ಟಿದ್ರ್ ಅಂದೇಳಿ ಕೆಲ್ಸದರಿಗ್ ಬೈದ್ ಬಂದದ್ ಯಾರ್?”

ಪುಸ್ತಕವೆಂದರೂ ಸೋಲು, ಮಿಷನ್ ಎಂದರೂ ಸೋಲು! ಅಡಕತ್ತರಿಗೆ ಸಿಕ್ಕಿದ ದುಗ್ಗಪ್ಪನವರು ಮೆಲ್ಲಗೆ ಕೈ ಚಾಚಿದರು. ದೀಪ ಉರಿಯುತ್ತಿತ್ತು. ಶಾರದೆಯ ಮಣೆಯಿಂದ ಕದ್ದೊಯ್ದು ಅದನ್ನೇ ನೋಡಿ ಮಾತಾಡಹೊರಟರೆ ನಾಲಿಗೆ ತಿರುಗೀತೇ? ಕೈ ತಾನಾಗಿಯೇ ಹಿಂದೆ ಬಂತು. ಸಿಟ್ಟು ಮಾತ್ರ ನೆತ್ತಿಗೇರಿತು. ಹೆಂಡತಿಗೆ ಬೈದರು, ಯತೀಶನಿಗೆ ಬೈದರು, ಬಸ್ಸಿನ ಕಂಡಕ್ಟರಿಗೆ ಬೈದರು. ಉಪ್ಪುಂದದಲ್ಲಿ ಇಳಿಯುವಾಗ ಎಡವಿ ಬಸ್ಸಿಗೂ ಬೈದರು.

ಭಾಗವತರು ಪದ್ಯ ಮುಗಿಸಿದರು. ಚಂಡವರ್ಮನಾಗಿ ಎದುರು ಕೂತವರು ಶೀನ ಮಾಸ್ಟ್ರು, ಸ್ವಭಾವತಃ ಇರುವೆ ಮೆಟ್ಟದ ಮನುಷ್ಯ, ಬಿಪಿ ಬೇರೆ. ಅವರು ಇಲ್ಲದ ಮೀಸೆ ತಿರುವಿ, “ಬಂದ ಕಾರಣವೇನು, ಮಂತ್ರಿ?” ಎಂದು ಗರ್ಜಿಸಿದರು.

ಶಾಂತಶೀಲ ಬಾಯಿ ತೆರೆದ. ತಲೆಯೊಳಗೆ ಒಂದಕ್ಷರವೂ ಉಳಿದಿರಲಿಲ್ಲ.

“ಕಾರಣ ಬೇರೆ ಕೇಳುತ್ತೀಯಾ? ನಾಚಿಕೆಯಿಲ್ಲವೇ ನಿನಗೆ? ಒಬ್ಬನ ಸೊತ್ತನ್ನು ಕೇಳದೆ ಒಯ್ದು ಇಟ್ಟುಕೊಳ್ಳುವುದು! ಸಾಲದ್ದಕ್ಕೆ ಮೇಲೊಂದು ದಾಸವಾಳ ಇಡುವುದು! ಕೊಡುತ್ತೀಯೋ ಇಲ್ಲವೋ? ಈಗ! ಈ ಕ್ಷಣ!”

ಪ್ರಸಂಗದಲ್ಲಿ ದಾಸವಾಳದ ಸುದ್ದಿಯೇ ಇರಲಿಲ್ಲ. ಶೀನ ಮಾಸ್ಟ್ರು ತಬ್ಬಿಬ್ಬಾದರು. “ಶಾಂತನಾಗು, ಶಾಂತಶೀಲಾ...”

“ಯಾರಿಗೆ ಹೇಳುತ್ತೀ ಶಾಂತನಾಗು ಅಂತ?” ಎಂದು ಮಂತ್ರಿ ವೇದಿಕೆಗೆ ಗುದ್ದಿದ ಹೊಡೆತಕ್ಕೆ ಮೈಕು ಮಗುಚಿಬಿತ್ತು.

“ಕೊಟ್ಟೆ ಮಾರಾಯಾ, ಕೊಟ್ಟೆ! ಮೂರೂ ಊರ್ ತಕಂಡ್ ಹೋಗ್!” ಎಂದು ಚಂಡವರ್ಮ ಎದೆ ಹಿಡಿದುಕೊಂಡ.

ಮದ್ದಲೆ ನಿಂತಿತು. ಭಾಗವತರು ತಾಳ ಕೆಳಗಿಟ್ಟರು. ಕೊಟ್ಟಾದ ಮೇಲೆ ಯುದ್ಧವೆಲ್ಲಿಂದ ಬರಬೇಕು? ಪ್ರಸಂಗ ಅಲ್ಲಿಗೇ ಮುಗಿಯಿತು! ಯುದ್ಧಕ್ಕೆಂದು ದೂರದ ಶಂಕರನಾರಾಯಣದಿಂದ ಬಂದಿದ್ದ ಸೇನಾಪತಿ ಬರೀ ಅವಲಕ್ಕಿ ತಿಂದು, ದುಗ್ಗಪ್ಪನವರನ್ನು ದುರುಗುಟ್ಟಿ ನೋಡಿ ಎದ್ದುಹೋದ. ಸಂಘದ ಕಾರ್ಯದರ್ಶಿ ಬಳಿ ಬಂದು, “ಬಪ್ಪ ವರ್ಷ ನಿಮ್ಗ್ ಬಾಗ್ಲ್ ಕಾಯುದೇ ಲಾಯ್ಕ್, ದುಗ್ಗಪ್ಪಣ್ಣ,” ಎಂದು ಬೆನ್ನು ತಟ್ಟಿದರು.

ಸಭೆಯಲ್ಲಿ ಕೂತು ಎಲ್ಲ ಕೇಳಿದ್ದ ಸರೋಜಮ್ಮನ ಜೊತೆ ರಿಕ್ಷಾ ಹತ್ತಿದ ದುಗ್ಗಪ್ಪನವರು ಹಲ್ಲು ಕಡಿದರು. “ನಿನ್ನಿಂದ! ಎಲ್ಲ ನಿನ್ನಿಂದ! ನನ್ನ ಮರ್ಯಾದಿ ಮೂರ್ ಕಾಸಿಗ್ ಹೋಯ್ತ್!”

ಸರೋಜಮ್ಮ ಸೆರಗು ಸರಿಪಡಿಸಿಕೊಂಡರು.

“ಹ್ವಾಯ್, ಸಂಧಾನಕ್ಕೆ ಹೋದವ್ರೆಲ್ಲ ಬರಿಗೈಯಗೇ ಬಪ್ಪುದ್. ನೀವ್ ಮೂರೂ ಊರ್ ತಕಂಡ್ ಬಂದಿರಿ. ಇನ್ನೆಂತಕೆ ಸಿಟ್ಟ್?”