ಕುದುರೆ ಹಿಡಿದು ನಿಂತ ಮುತ್ತಜ್ಜ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಸ್ವಾಮಿ, ಇಲ್ಲದಿದ್ದರೆ ಹೆಂಡತಿಗೆ ಬೈಯಲು ವಿಷಯ ಎಲ್ಲಿಂದ ಸಿಗಬೇಕು? ನನ್ನದು ಬ್ರಿಟಿಷ್ ಕಲಾವಿದರು ಬರೆದ ಅರಬ್ಬಿ ಕುದುರೆಗಳ ತೈಲಚಿತ್ರದ ಹುಚ್ಚು. ನಿಜವಾದ ಕುದುರೆ ಕಂಡರೆ ಮಾರು ದೂರ ಓಡುವವನು ನಾನು, ಅದು ಬೇರೆ ಮಾತು. ಇಲ್ಲಿ ಅಮೆರಿಕದಲ್ಲಿ, ಮೆಟುಚೆನ್ ಊರಿನ ಎಸ್ಟೇಟ್ ಸೇಲ್ ಒಂದರಲ್ಲಿ, ಅಂದರೆ ತೀರಿಕೊಂಡವರ ಮನೆಸಾಮಾನು ಮಾರುವಲ್ಲಿ, ಅಂಥದ್ದೇ ಚಿತ್ರ ಕಣ್ಣಿಗೆ ಬಿದ್ದಾಗ ಹಿಂದುಮುಂದು ನೋಡದೆ ಕೊಂಡುಬಿಟ್ಟೆ. ಬಿಳಿ ಕುದುರೆ, ಪಕ್ಕದಲ್ಲಿ ಲಗಾಮು ಹಿಡಿದ ರುಮಾಲಿನ ಆಳು. ಅಬ್ಬಾ, ಆ ಕುದುರೆಯ ಮೈಮೇಲಿನ ಹೊಳಪೇ! ಕಾರಿನ ಸೀಟು ಮಡಚಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಮನ್ರೋದ ನಮ್ಮ ಮನೆವರೆಗೂ ನಿಧಾನವಾಗಿ ಡ್ರೈವ್ ಮಾಡಿದೆ.

ಹೆಂಡತಿ ಸುಮಾ ಬಾಗಿಲಲ್ಲೇ ತೀರ್ಪು ಕೊಟ್ಟಳು. “ಯಾರ ಮನೆ ಕುದುರೆನೋ, ಯಾರ ಮನೆ ಆಳೋ! ಭಾನುವಾರ ಸತ್ಯನಾರಾಯಣ ಪೂಜೆ ಮುಗಿಯೋವರೆಗೆ ಲಿವಿಂಗ್ ರೂಮಲ್ಲಿರಲಿ. ಆಮೇಲೆ ಸೀದಾ ಬೇಸ್‌ಮೆಂಟಿಗೆ.”

ಪೂಜೆಯ ದಿನ ಧಾರವಾಡದ ಶಾಂತಾ ಆಂಟಿ ಚಿತ್ರದ ಮುಂದೆ ನಿಂತುಬಿಟ್ಟರು. “ಮುಖದಾಗ ಏನ್ ಕಳಾ ಅದ ನೋಡ್ರಿ! ನಿಮ್ಮ ಮುತ್ತಜ್ಜಾರೇನ್ರಿ?” ನನ್ನ ಬಾಯಲ್ಲಿ ಪ್ರಸಾದದ ಸಪಾತ ತುಂಬಿತ್ತು. ನುಂಗುವಷ್ಟರಲ್ಲಿ ಅವರು ಚೌಕಟ್ಟಿಗೆ ಕುಂಕುಮ ಹಚ್ಚಿ, ಹಾರ ಹಾಕಿಯೇಬಿಟ್ಟರು. ಹಿಂದೆ ಅಕ್ಷತೆ ಹಿಡಿದ ಹೆಂಗಸರ ಸಾಲು! ನಾನೂ ಅಡ್ಡಬಿದ್ದೆ, ಇನ್ನೇನು ಮಾಡಲಿ?

ಎಲ್ಲರೂ ಹೋದ ಮೇಲೆ ಸುಮಾ ಹಣೆ ಚಚ್ಚಿಕೊಂಡಳು. “ಕುಂಕುಮ ಇಟ್ಟಿದ್ದನ್ನ ಬೇಸ್‌ಮೆಂಟಿಗೆ ಹಾಕೋಕಾಗುತ್ತೇನ್ರೀ? ಇರಲಿ. ಆದರೆ ಮುತ್ತಜ್ಜ ಅಲ್ಲ ಅಂತ ಆಂಟಿಗೇನಾದರೂ ಗೊತ್ತಾಗಿ ನನ್ನ ಮಾನ ಹೋಯ್ತೋ, ಅವತ್ತೇ ಕೆಳಗೆ!” ಗೆದ್ದೆ! ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ.

ಮರುವಾರ ಶಾಂತಾ ಆಂಟಿ ಕಾಫಿಗೆ ಬಂದಿದ್ದಾಗಲೇ ಪಕ್ಕದ ಮನೆಯ ಅಮೆರಿಕನ್ ಅಜ್ಜಿಯೂ ಬಂದರು. ಚಿತ್ರಕಲೆಯ ಟೀಚರಾಗಿ ರಿಟೈರ್ ಆದವರು. ಗೋಡೆ ನೋಡಿದ್ದೇ ತಡ, “ಓ ಮೈ! ಇದು ಬ್ರಿಟಿಷ್ ಪೇಂಟಿಂಗ್ ಅಲ್ವಾ? ಎಂಥ ಅರೇಬಿಯನ್ ಕುದುರೆ!” ಎಂದು ಕೂಗಿದರು. ಅಯ್ಯೋ ದೇವರೇ, ಈ ಒಂದು ಮಾತಿಗಾಗಿ ನಾನು ಎಷ್ಟು ಕಾದಿದ್ದೆ! ಕುದುರೆಯ ಕತ್ತಿನಿಂದ ಶುರುಮಾಡಿ ಬಾಲದವರೆಗೂ ವಿವರಿಸಲು ಬಾಯಿ ತೆರೆದೆ.

“ಹಿಸ್ ಗ್ರೇಟ್ ಗ್ರ್ಯಾಂಡ್‌ಫಾದರ್!” ಅಂದರು ಶಾಂತಾ ಆಂಟಿ, ಹೆಮ್ಮೆಯಿಂದ.

ಟೀಚರಮ್ಮ ನನ್ನತ್ತ ತಿರುಗಿದರು. ಸುಮಾ ಕಣ್ಣಲ್ಲೇ ಬೇಸ್‌ಮೆಂಟಿನ ಬಾಗಿಲು ತೋರಿಸಿದಳು. ಕಲೆ, ಕುದುರೆ, ಬ್ರಿಟನ್ ಎಲ್ಲವನ್ನೂ ನುಂಗಿಕೊಂಡು “ಯೆಸ್” ಅಂದೆ.

ಆಕೆ ಚಿತ್ರದ ಆಳನ್ನು ನೋಡಿದರು, ನನ್ನನ್ನು ನೋಡಿದರು. “ಛೆ, ಆ ಮೂಗು ನೋಡಿದಾಗಲೇ ನನಗೆ ಹೊಳೀಬೇಕಿತ್ತು!”