ಅಂದಪ್ಪ ಬೇಕು ಅಂದದ್ದು

ಅಂದಪ್ಪ ಬೆಳಿಗ್ಗೆ ಮಗ್ಗದ ಕುಣಿಗೆ ಕಾಲು ಇಳಿಬಿಡಲು ಹೋದರೆ ಅವನು ಕೂಡುವ ಜಾಗದಲ್ಲಿ ಖಾಲಿ ತಾಮ್ರದ ಕೊಡ ಕೂತಿತ್ತು. ಕೊಡಕ್ಕೆ ಕಾಲಿಲ್ಲವಾದ್ದರಿಂದ ಅವನು ಹೆಂಡತಿಯ ಮುಖ ನೋಡಿದ.

“ಇವತ್ತ ಮುನ್ಸಿಪಾಲ್ಟಿ ಸಾಹೇಬ್ರು ಬರ್ತಾರಂತ,” ಎಂದಳು ಶಿವಬಸವ್ವ. “ನಳ ನಮ್ಮ ಬಾಗಲಕ್ಕ ಬಂತಂದ್ರ ನಾ ಸುಮ್ಮನ ಕುಂತು ನೂಲಿನ ಕಂಡಿಕಿ ಸುತ್ತತೇನಿ. ಬರಲಿಲ್ಲಂದ್ರ ಇವತ್ತ ಸಂಜಿಯಿಂದನ ನೀವು ಬಾವಿಗೆ ಹೋಗ್ರಿ. ನನ್ನ ಮೊಣಕಾಲು ಇನ್ನ ಏಳೂದಿಲ್ಲ.”

೧೯೭೮ರ ಮಾತು. ಬಡವರ ಓಣಿಗಳ ಸುಧಾರಣೆಗೆಂದು ಸರ್ಕಾರದಿಂದ ಅನುದಾನ ಬಂದಿತ್ತು. ಇಲಕಲ್ಲಿನ ಆ ನೇಕಾರರ ಓಣಿಗೆ ಒಂದೇ ಒಂದು ನೀರಿನ ನಳ ಎಂದು ಗೊತ್ತಾಗಿತ್ತು. ಅದು ಯಾರ ಬಾಗಿಲಿಗೆ ಬರಬೇಕು ಅನ್ನುವುದನ್ನು ಮಾತ್ರ ಓಣಿಯ ಜನರನ್ನೇ ಕೇಳಿ ಬರೆದುಕೊಳ್ಳಬೇಕೆಂದು ಹೊಸ ಕಾನೂನು. ಬಾವಿ ಇದ್ದದ್ದು ಓಣಿಯ ಈ ತುದಿಗೆ, ಮುದುಕಿ ದೌಲತಬಿಯ ಮನೆ ಆ ತುದಿಗೆ, ಅಂದಪ್ಪನ ಮನೆ ಸರಿಯಾಗಿ ನಡುವೆ. ನಡುವಿನ ಮನೆಗೇ ನಳ ಬರುವುದು ನ್ಯಾಯ ಎಂದು ಅವನಿಗೆ ಆ ಕೊಡ ನೋಡಿದ ಕ್ಷಣದಲ್ಲಿ ಹೊಳೆಯಿತು. ಗಂಡಸೊಬ್ಬ ಹೆಗಲ ಮೇಲೆ ಕೊಡ ಹೊತ್ತು ಹೋದದ್ದನ್ನು ಆ ಓಣಿ ಇನ್ನೂ ಕಂಡಿರಲಿಲ್ಲ.

ಆದರೆ ಕೇಳುವುದು ಹೇಗೆ? ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ‘ಬೇಕು’ ಅನ್ನುವ ರೂಢಿ ಆ ಓಣಿಯಲ್ಲಿಲ್ಲ. ಚಹಾ ಕೊಟ್ಟರೆ ಬ್ಯಾಡ ಅನ್ನಬೇಕು. ಒತ್ತಾಯ ಮಾಡಿದರೆ ಮತ್ತೆ ಬ್ಯಾಡ ಅನ್ನಬೇಕು. ಮೂರನೆಯ ಸಲಕ್ಕೆ ‘ನಿಮ್ಮ ಮನಸ ಯಾಕ ಮುರೀಲಿ’ ಎಂದು ಕುಡಿಯಬೇಕು. ಮೊದಲ ಸಲಕ್ಕೇ ಕೈ ಚಾಚಿದವನನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ.

ಅಂದಪ್ಪ ಒಂದು ಯುಕ್ತಿ ಮಾಡಿದ. ಮೊದಲು ಕಿರಾಣಿ ಅಂಗಡಿಯ ರಾಚಯ್ಯನ ಹತ್ತಿರ ಹೋದ.

“ರಾಚಯ್ಯನವರ, ಸಾಹೇಬ್ರು ಕೇಳಿದಾಗ ನೀವು ‘ನಮ್ಮ ಬಾಗಲಕ್ಕ ಬ್ಯಾಡ’ ಅನ್ರಿ. ನಾ ಎದ್ದು ನಿಂತು ‘ಇಲ್ಲ, ಅವರಿಗೇ ಹಾಕ್ರಿ’ ಅಂತೇನಿ. ನಾ ಬ್ಯಾಡ ಅಂದಾಗ ನನಗ ನೀವು ಹಂಗ ಅನ್ರಿ. ಮುಂದ ಸಾಹೇಬ್ರ ಮರ್ಜಿ.”

ರಾಚಯ್ಯ ಖುಷಿಯಿಂದ ಒಪ್ಪಿದ. ಗೋಡೆ ಕಟ್ಟುವ ಗೌಂಡಿ ದುರ್ಗಪ್ಪನೂ ಒಪ್ಪಿದ. ಮೂರನೆಯದಾಗಿ, ತುದಿ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ದೌಲತಬಿಯೂ ಒಪ್ಪಿದಳು. ಅಂದಪ್ಪ ದಾರಿಯಲ್ಲೇ ಲೆಕ್ಕ ಹಾಕಿದ: ಅವರಿಗೆ ಒಂದೊಂದೇ ಒತ್ತಾಯ, ತನಗೆ ಒಟ್ಟು ಮೂರು. ಮೂರಾದರೆ ಯಾವ ಮನುಷ್ಯನಾದರೂ ಒಪ್ಪಿಕೊಳ್ಳಲೇಬೇಕು. ತನ್ನ ಜಾಣತನಕ್ಕೆ ಅವನಿಗೇ ನಗು ಬಂತು.

ಆ ನಗು ಮಧ್ಯಾಹ್ನದವರೆಗೆ ಬಾಳಿತು. ಅಷ್ಟರಲ್ಲಿ ದೌಲತಬಿ ಬಾವಿಕಟ್ಟೆಯ ಮೇಲೆ, “ಅಂದಪ್ಪನಂಥಾ ಮನಶ್ಯಾ ಇಲ್ಲ, ನನ್ನ ಸಲುವಾಗಿ ಮಾತಾಡ್ತಾನಂತ,” ಎಂದು ಹೊಗಳಿದಳು. ದುರ್ಗಪ್ಪನ ಹೆಂಡತಿ ಅದನ್ನು ಕೇಳಿ ಗಂಡನಿಗೆ ಹೇಳಿದಳು, ಅವನು ನೆಟ್ಟಗೆ ರಾಚಯ್ಯನ ಅಂಗಡಿಗೆ ಹೋದ.

“ನನಗೂ ಹಂಗ ಅಂದಾನಲೇ!” ಎಂದ ರಾಚಯ್ಯ. “ಬರ್ಲಿ. ಅವನ ಪಾಳಿ ಬಂದಾಗ ಒಬ್ಬರೂ ಪಿಟ್ ಅನ್ನಬಾರದು.”

ಮೂರು ಗಂಟೆಗೆ ಸಾಹೇಬರು ಬಂದು ರಾಚಯ್ಯನ ಕಟ್ಟೆಯ ಮೇಲೆ ಕೂತರು. ಹೊಸದಾಗಿ ವರ್ಗವಾಗಿ ಬಂದವರು. ಮೈಸೂರು ಕಡೆಯವರು ಎಂದು ಯಾರೋ ಹೇಳಿದ್ದರು, ಅವರ ಮಾತೂ ಹಾಗೇ ಇತ್ತು. ರಾಚಯ್ಯ ಚಹಾ ತರಿಸಿದ. “ಬೇಡ,” ಅಂದರು ಸಾಹೇಬರು. ತಗೋರಿ ಅಂದದ್ದಕ್ಕೆ ಮತ್ತೆ “ಬೇಡ” ಅಂದರು. ಮೂರನೆಯ ಸಲಕ್ಕೆ ಬಸಿತಟ್ಟೆಗೆ ಸುರುವಿಕೊಂಡು ಕುಡಿದರು. ಅಂದಪ್ಪನ ಚಿತ್ತವೆಲ್ಲ ನಳದ ಮೇಲಿತ್ತು, ಅವನು ಇದನ್ನು ಗಮನಿಸಲಿಲ್ಲ.

“ನಿಮ್ಮ ಅಭಿಪ್ರಾಯ ಕೇಳದೆ ಖರ್ಚು ಮಾಡುವಂತಿಲ್ಲ. ಸಂಕೋಚವಿಲ್ಲದೆ ಹೇಳಿ,” ಎಂದು ಸಾಹೇಬರು ವಹಿ ತೆರೆದರು.

“ನಮ್ಮ ಬಾಗಲಕ್ಕ ಬ್ಯಾಡ್ರಿ,” ಎಂದು ರಾಚಯ್ಯ ಅಂದಪ್ಪನನ್ನು ನೋಡಿದ. ಅಂದಪ್ಪ ಏಳಹೋದ. ದುರ್ಗಪ್ಪ ಜೋರಾಗಿ ಕೆಮ್ಮಿದ. ದೌಲತಬಿ ಕಣ್ಣು ಕಿರಿದು ಮಾಡಿದಳು. ಗುಟ್ಟು ರಟ್ಟಾಗಿದೆ ಎಂದು ತಿಳಿದ ಅಂದಪ್ಪ ಅರ್ಧ ಎದ್ದವನು ಹಾಗೇ ಕೂತ. ಸಾಹೇಬರು ಬರೆದುಕೊಂಡರು.

“ನನಗೂ ಬ್ಯಾಡ್ರಿ,” ಎಂದ ದುರ್ಗಪ್ಪ. ಅದನ್ನೂ ಬರೆದುಕೊಂಡರು.

ದೌಲತಬಿಗೆ ತನಗೆ ಒತ್ತಾಯ ಮಾಡುವವರು ಯಾರೂ ಇಲ್ಲ ಎಂದು ಅಷ್ಟರಲ್ಲಿ ಖಾತ್ರಿಯಾಗಿತ್ತು. “ನಂದೇನೈತ್ರಿ, ಒಂದ ಜೀವ. ಬ್ಯಾಡ್ರಿ, ಬ್ಯಾಡ್ರಿ, ಬ್ಯಾಡ್ರಿ,” ಎಂದು ಮೂರನ್ನೂ ಒಂದೇ ಉಸಿರಿಗೆ ತಾನೇ ಅಂದುಬಿಟ್ಟಳು. ಸಾಹೇಬರು ಅದರ ಕೆಳಗೆ ಗೆರೆ ಎಳೆದರು.

ಅಂದಪ್ಪ ವಹಿಯ ಆ ಗೆರೆಯನ್ನೇ ನೋಡಿದ. ಈ ಮೈಸೂರು ಮನುಷ್ಯನಿಗೆ ಬ್ಯಾಡ ಅಂದರೆ ಬ್ಯಾಡವೇ! ತಾನೂ ಬ್ಯಾಡ ಅಂದರೆ ನಳವೇ ಓಣಿ ಬಿಟ್ಟು ಹೋದೀತು. ತನ್ನ ಮನೆಯ ಬಾಗಿಲಲ್ಲಿ ಶಿವಬಸವ್ವ ಕೊಡ ಹಿಡಿದು ನಿಂತಿದ್ದಳು, ಒಂದು ಕೈ ಮೊಣಕಾಲ ಮೇಲಿತ್ತು. ಅದನ್ನು ಕಂಡು ಅವನಿಗೆ ಖರೇನೇ ಸಂಕಟವಾಯಿತು. ‘ಬ್ಯಾ’ ಎಂದು ಹೊರಟ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಎದ್ದು ನಿಂತ.

“ಬೇಕ್ರಿ! ನನ್ನ ಬಾಗಲಕ್ಕ ಬೇಕ್ರಿ ಸಾಹೇಬ್ರ!”

ರಾಚಯ್ಯ ಕಿವಿಯೊಳಗೆ ಬೆರಳು ಹಾಕಿ ಅಲುಗಿಸಿಕೊಂಡ. ಶಿವಬಸವ್ವ ನಾಚಿ ಸೆರಗು ಮುಖಕ್ಕೆ ಎಳೆದುಕೊಂಡಳು, ಆದರೆ ಕೊಡವನ್ನು ಕೆಳಗಿಟ್ಟಳು. ಹತ್ತಲ್ಲ, ಇಪ್ಪತ್ತು ವರ್ಷ ಆಡಿಕೊಂಡರೂ ಆಡಿಕೊಳ್ಳಲಿ ಎಂದುಕೊಂಡ ಅಂದಪ್ಪ.

ಸಾಹೇಬರು ವಹಿ ಮುಚ್ಚಿ ಕನ್ನಡಕ ತೆಗೆದರು. ಮಾತಿನ ಧಾಟಿಯೇ ಬದಲಾಯಿತು.

“ಮೈಸೂರಾಗ ನೌಕರಿ ಮಾಡಿದ್ರೂ ನಾ ಹುಟ್ಟಿದ್ದು ಬಾದಾಮಿಯೊಳಗರಿ. ನಮ್ಮ ಕಡೆ ಬ್ಯಾಡ ಅಂದ್ರ ಏನಂತ ನನಗ ತಿಳೀದಿಲ್ಲೇನು? ಈ ಅವ್ವಗ ಒತ್ತಾಯ ಮಾಡವರು ಸುದ್ದಾ ಯಾರೂ ಇಲ್ಲ. ಎಷ್ಟು ಬೇಕಾಗಿದ್ದರ ಮೂರೂ ಸಲ ತಾನ ಬ್ಯಾಡ ಅಂದಾಳು! ನಳ ದೌಲತಬಿಯವರ ಬಾಗಲಕ್ಕ.”

“ಮತ್ತ ಅಂದಪ್ಪ?” ಎಂದ ದುರ್ಗಪ್ಪ ತಡೆಯಲಾರದೆ.

“ಅಂದಪ್ಪನವರದು ದೊಡ್ಡ ಮನಸ. ನಿಮ್ಮೊಳಗ ತಂಟೆ ಹತ್ತಬಾರದಂತ ತಾವ ಆಸೆಬುರುಕ ಅನಿಸಿಕೊಂಡ್ರು. ಖರೇ ಬೇಕಾದಾಂವ ಹಿಂಗ ಮಂದಿಯೊಳಗ ಒದರತಾನೇನ್ರಿ?”

“ಇಲ್ರಿ ಸಾಹೇಬ್ರ! ನನಗ ಖರೇನ ಬೇಕ್ರಿ!”

“ನೋಡ್ರಿ, ಇನ್ನೂ ಬಿಡವಲ್ಲರು!” ಸಾಹೇಬರ ಕಣ್ಣು ತೇವವಾದವು. ಅಂದಪ್ಪನ ಎರಡೂ ಕೈ ಹಿಡಿದು ಕುಲುಕಿ ಹೊರಟುಹೋದರು. ಓಣಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರಾಚಯ್ಯ.

ಅಂದಪ್ಪ ಮನೆಗೆ ಬಂದಾಗ ಕೊಡ ಮತ್ತೆ ಮಗ್ಗದ ಹತ್ತಿರವೇ ಇತ್ತು. ನಡುವಿನ ಮನೆಯಿಂದ ಬಾವಿಯೂ ದೌಲತಬಿಯ ಬಾಗಿಲೂ ಒಂದೇ ದೂರ ಅನ್ನುವುದು ಅವನಿಗೆ ಈಗ ಹೊಳೆಯಿತು. ಶಿವಬಸವ್ವ ಕೊಡದೊಳಗೆ ಹಗ್ಗವನ್ನೂ ಸುರುಳಿ ಸುತ್ತಿ ಇಟ್ಟಿದ್ದಳು.

ಬಾವಿಯ ಹತ್ತಿರ ದೌಲತಬಿ ಆಗಷ್ಟೇ ತನ್ನ ಹಗ್ಗ ಬಿಚ್ಚುತ್ತಿದ್ದಳು. ಹೆಗಲ ಮೇಲೆ ಕೊಡ ಹೊತ್ತ ಅಂದಪ್ಪನನ್ನು ಕಂಡು ಅವಳಿಗೆ ಮರುಕ ಬಂತು.

“ಮೊದಲ ನೀ ಸೇದ್ಕೋಪಾ ಅಂದಪ್ಪಾ.”

“ಬ್ಯಾಡ ಚಾಚಿ,” ಎಂದ ಅಂದಪ್ಪ ರೂಢಿಯಂತೆ.

“ಆತ್ ಬಿಡಪಾ,” ಎಂದು ದೌಲತಬಿ ತನ್ನ ಕೊಡವನ್ನು ಬಾವಿಗೆ ಬಿಟ್ಟಳು.