ಕಲ್ಲಿನ ಹೆಂಗಸಿನ ಕೈಯ ಹಲಗೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಹಳದಿ ಜಾಕೆಟ್ಟು. ಅದನ್ನು ಕೊಡಿಸಿದವಳು ಮರ್ವಿನ್ ಟ್ಯಾಟರ್ಸಾಲ್‌ನ ಹೆಂಡತಿ ಹಿಲ್ಡಾ. ಮರ್ವಿನ್ ಚಿತ್ರಗಾರ. ಕಟ್ಟಡ ಪೂರ್ತಿ ಕಾಣಲಿ ಎಂದು ಹಿಂದಹಿಂದಕ್ಕೆ ನಡೆಯುತ್ತ ನಡುರಸ್ತೆಗೆ ಬಂದು ನಿಲ್ಲುವುದು ಅವನ ಚಾಳಿ. ಹೋದ ತಿಂಗಳು ಹಾಲಿನ ವ್ಯಾನೊಂದು ಅವನ ಮೂಗಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತ್ತು. "ಸಾಯೋದಾದ್ರೆ ನಾಲ್ಕು ಜನಕ್ಕೆ ಕಾಣೋ ಹಾಗೆ ಸಾಯಿ," ಎಂದು ಹಿಲ್ಡಾ, ರಸ್ತೆ ಕೆಲಸದವರು ಹಾಕುವಂಥ ಜಾಕೆಟ್ಟು ತಂದು ತೊಡಿಸಿದ್ದಳು.

ಹನ್ನೊಂದು ವರ್ಷದಿಂದ ಅವನು ಬ್ರಿಟನ್ನಿನ ಊರೂರು ಅಲೆದು ಹಳೆಯ ಕಲಾಶಾಲೆಗಳ ಕಟ್ಟಡಗಳನ್ನು ಬರೆಯುತ್ತಿದ್ದ. ಒಂದು ಈಗ ಕಾರ್ಪೆಟ್ ಅಂಗಡಿ, ಇನ್ನೊಂದು ಹಲ್ಲಿನ ಡಾಕ್ಟರ ಶಾಪು, ಮತ್ತೊಂದರಲ್ಲಿ ಬರೀ ಪಾರಿವಾಳ. ಪ್ರತಿಯೊಂದರ ಚಿತ್ರ, ಚರಿತ್ರೆ ಎರಡೂ ಸೇರಿ ಪುಸ್ತಕವಾಗಬೇಕು. ನಲವತ್ತೊಂದು ಮುಗಿದಿದ್ದವು. ಉಳಿದದ್ದು ನಮ್ಮ ಸ್ಕೋಲ್‌ಬ್ರಿಡ್ಜಿನದು ಒಂದೇ. ಅದನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬಂದಿತ್ತು. ಅದರ ಮುಂಭಾಗದ ಫೋಟೋ ಎಲ್ಲೂ ಇಲ್ಲ. ಮರ್ವಿನ್ ಕೂಡ ಫೋಟೋ ತೆಗೆಯುವವನಲ್ಲ. ಅದು ಸೋಮಾರಿಗಳ ಕೆಲಸ ಎನ್ನುತ್ತಿದ್ದ. ಇವತ್ತು ಬರೆಯಬೇಕು, ಇಲ್ಲವಾದರೆ ಇಲ್ಲ. ಪುಸ್ತಕದ ಮುನ್ನುಡಿಯಲ್ಲಿ ಆಗಲೇ ನಲವತ್ತೆರಡು ಎಂದು ಅಚ್ಚಾಗಿಹೋಗಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಅವನು ಕಲಾಶಾಲೆಯಿದ್ದ ಟ್ಯಾನರ್ಸ್ ಬೀದಿಗೆ ಬಂದ. ಬಂದವನೇ ಕಟ್ಟಡವನ್ನು ಗುರುತು ಹಿಡಿದ. ಬಾಗಿಲ ಮೇಲೆ ಕಲ್ಲಿನ ಹೆಂಗಸು, ಕೈಯಲ್ಲಿ ಹಲಗೆ, ದೃಷ್ಟಿ ಆಕಾಶಕ್ಕೆ. "ಸಾಕ್ಷಾತ್ ಕಲಾದೇವಿ!" ಎಂದ ಮರ್ವಿನ್. ಎದುರು ಫುಟ್‌ಪಾತಿನಲ್ಲಿ ಮಡಚುವ ಸ್ಟೂಲು ಬಿಡಿಸಿ ಕೂತ. ಬೆನ್ನ ಹಿಂದಿನ ಕಟ್ಟಡಕ್ಕೆ ಯಾರೋ ಕಬ್ಬಿಣದ ಪೈಪು ಕಟ್ಟುತ್ತ, ಪಾತ್ರೆ ಅಂಗಡಿ ಮಗುಚಿಬಿದ್ದ ಹಾಗೆ ಸದ್ದು ಮಾಡುತ್ತಿದ್ದರು. ನಮ್ಮಲ್ಲಿ ಅದಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಕಟ್ಟಡಕ್ಕೆ ಬಣ್ಣ ಬಳಿಯಲಿ, ಬೀಳಿಸಲಿ, ಮೊದಲು ಮುಸುಕು ಹಾಕುತ್ತಾರೆ.

ಕಾಲು ಗಂಟೆಯಾಗಿರಲಿಲ್ಲ, ಹಳದಿ ಜಾಕೆಟ್ಟು ಕಂಡು ಡೋರೀನ್ ಪ್ಲಾಟ್ ಬಂದು ಪಕ್ಕದಲ್ಲಿ ನಿಂತಳು. ಆ ಬೀದಿಯ ಎಂಟನೇ ಮನೆಯವಳು.

"ಅಂತೂ ಕೌನ್ಸಿಲ್‌ನೋರಿಗೆ ನಮ್ ಬೀದಿ ನೆನಪಾಯ್ತಲ್ಲ! ಮೂರು ವಾರ ಆಯ್ತು ಕಣಪ್ಪ, ನನ್ ಕಸದ ಡಬ್ಬ ಎತ್ತಿಲ್ಲ."

"ಕ್ಷಮಿಸಿ, ನಾನು..."

"ಕ್ಷಮೆ ಕೇಳಿದ್ರೆ ವಾಸ್ನೆ ಹೋಗುತ್ತಾ? ಬರ್ಕೊ."

ಮರ್ವಿನ್ ಯಾರಿಗೂ ಎದುರಾಡಿದವನಲ್ಲ. ಬೇಗ ಹೋಗಲಿ ಎಂದು ಹಾಳೆಯ ಮೂಲೆಯಲ್ಲಿ 'ಕಸದ ಡಬ್ಬ, ಎಂಟು' ಎಂದು ಬರೆದ. ಅದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿದರು. ಐದು ನಿಮಿಷದಲ್ಲಿ ಡೋರೀನಳ ಹಿಂದೆ ಇಬ್ಬರು ನಿಂತಿದ್ದರು. ಮೂವರು ಒಬ್ಬರ ಹಿಂದೊಬ್ಬರು ನಿಂತರೆ ನಮ್ಮೂರಿನಲ್ಲಿ ಅದು ಸಾಲು. ಸಾಲು ಕಂಡವರು ಸುಮ್ಮನೆ ದಾಟಿಹೋಗುವುದಿಲ್ಲ.

ಒಬ್ಬನಿಗೆ ಚರಂಡಿ, ಒಬ್ಬಳಿಗೆ ಪಕ್ಕದ ಮನೆಯವನ ತುತ್ತೂರಿ. ಪಿಕ್ಲ್ಸ್ ಎಂಬ ಮುದುಕ ತನ್ನ ಸರದಿ ಬಂದಾಗ ಸುಮ್ಮನೆ ನಿಂತ.

"ನಿಮ್ಮದೇನು?" ಎಂದ ಮರ್ವಿನ್.

"ನೀನೇ ಹೇಳ್ಬೇಕಪ್ಪ. ಏನ್ ಕೊಡ್ತಿದೀಯಾ?"

"ಏನೂ ಇಲ್ಲ."

"ಇಷ್ಟೊತ್ತು ನಿಂತಿದೀನಿ. ಅದನ್ನೇ ಕೊಡು," ಎಂದು ಮುದುಕ ಅಲ್ಲೇ ಕೂತು ಮಂಡಿ ನೋವಿನ ಕತೆ ಶುರು ಮಾಡಿದ.

ಚಹಾ ಬಂತು. ಆರು ಮನೆಯಿಂದ ಆರು ಕಪ್ಪು. ಬೇಡ ಎಂದರೆ ಅವಮಾನ, ಎಲ್ಲ ಕುಡಿದ. ಆಮೇಲೆ ಡೋರೀನಳ ಮನೆಗೆ ನಾಲ್ಕು ಸಲ ಹೋಗಿಬರಬೇಕಾಯಿತು. ಹೋದಾಗಲೆಲ್ಲ ಅವಳು ಕಸದ ಡಬ್ಬ ತೋರಿಸಿ ಕಳಿಸಿದಳು.

ನಡುಮಧ್ಯಾಹ್ನ ಸಾಲಿನ ತುದಿಗೆ ನೀಲಿ ಟೋಪಿಯ ಅಜ್ಜಿಯೊಬ್ಬರು ಬಂದು ನಿಂತರು. ಮಿಸ್ ಎನಿಡ್ ಶೋರಾಕ್ಸ್, ಎಂಬತ್ತೇಳು ವರ್ಷ. ಕತ್ತು ಚಾಚಿ ಚಿತ್ರ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಮುಂದೆ ಹನ್ನೊಂದು ಜನರಿರುವುದು ಕಂಡು ಬಾಯಿ ಮುಚ್ಚಿಕೊಂಡರು.

ಎರಡು ಗಂಟೆಗೆ ಪೈಪು ಕಟ್ಟುವವರಲ್ಲಿ ಒಬ್ಬ ಬಂದು ಮರ್ವಿನನ ಹಳದಿ ಜಾಕೆಟ್ಟಿನ ಭುಜ ತಟ್ಟಿದ.

"ಏನ್ ಗುರೂ, ಕೂತ್ಕೊಂಡೇ ಸಂಬಳ ತಗೋತೀಯಾ? ಬಾ, ಈ ಪ್ಲಾಸ್ಟಿಕ್ ಶೀಟಿನ ತುದಿ ಹಿಡ್ಕೊ."

ಮರ್ವಿನ್ ಹಿಡಿದುಕೊಂಡ. ಕಲಾದೇವಿಯ ಮೇಲಿಟ್ಟ ಕಣ್ಣು ಕೀಳದೆ ಬೆನ್ನ ಹಿಂದೆ ಕೈಮಾಡಿ ಹಿಡಿದ. ಕೊನೆಗೆ ಹಗ್ಗವನ್ನೂ ತಾನೇ ಕಟ್ಟಿದ. ಗಂಟು ಗಟ್ಟಿಯಾಗಿತ್ತು.

ಮೂರೂವರೆಗೆ ಕೆಲಸದವರು ಆ ಕಟ್ಟಡದ ಸುತ್ತ ತಂತಿ ಬೇಲಿ ನಿಲ್ಲಿಸಿ, ಬೀಗ ಹಾಕಿಕೊಂಡು ಹೋದರು. ಮೂರೂಮುಕ್ಕಾಲಿಗೆ ಚಿತ್ರ ಮುಗಿಯಿತು. ಹೆಂಗಸಿನ ಹಲಗೆಯ ಮೇಲಿದ್ದ ಅಡ್ಡಗೆರೆಗಳನ್ನು ಕೂಡ ಮರ್ವಿನ್ ಒಂದೊಂದಾಗಿ ಎಣಿಸಿ ಬರೆದು, 'ರೇಖೆಯ ಶಿಸ್ತಿನ ಸಂಕೇತ' ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದ. ಹನ್ನೊಂದು ವರ್ಷದ ಉಸಿರು ಬಿಟ್ಟ. ಅಷ್ಟರಲ್ಲಿ ಮಿಸ್ ಎನಿಡ್ ಸರದಿ ಬಂತು.

"ನಿಮ್ಮ ಮನೆ ನಂಬರೆಷ್ಟಮ್ಮಾ?"

"ನನ್ನದು ದೂರು ಅಲ್ಲಪ್ಪ. ಪೇಪರಲ್ಲಿ ನೋಡಿ ಕೊನೇ ಸಲ ನಮ್ಮ ಶಾಲೆ ನೋಡೋಣ ಅಂತ ಬಂದೆ. ನಾನು ಅಲ್ಲೇ ಮೂರು ವರ್ಷ ಚಿತ್ರ ಕಲ್ತಿದ್ದು."

ಮರ್ವಿನ್ ಎದ್ದು ನಿಂತು ಚಿತ್ರವನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದ. "ನೋಡಿ, ನಿಮ್ಮ ಶಾಲೆ!"

"ಇದು ಊರವರು ಬಟ್ಟೆ ಒಗೀತಿದ್ದ ಮನೆ ಕಣಪ್ಪ. ಅವಳ ಕೈಯಲ್ಲಿರೋದು ಬಟ್ಟೆ ಉಜ್ಜೋ ಹಲಗೆ." ಅಜ್ಜಿ ಅವನ ಭುಜದ ಆಚೆ ಬೆರಳು ಮಾಡಿದರು. "ಕಲಾಶಾಲೆ ಅದು."

ಮರ್ವಿನ್ ತಿರುಗಿದ. ನೆಲದಿಂದ ಹೊಗೆಗೂಡಿನವರೆಗೆ ಬಿಳಿ ಶೀಟು.

"ಬಂದಾಗಲೇ ಹೇಳ್ಬಾರದಿತ್ತಾ, ಅಮ್ಮಾ! ಆಗಿನ್ನೂ ಕಾಣ್ತಿತ್ತು!"

"ನನ್ನ ಮುಂದೆ ಹನ್ನೊಂದು ಜನ ಇದ್ದರಲ್ಲಪ್ಪ," ಎಂದರು ಮಿಸ್ ಎನಿಡ್, ಕೇಳಬಾರದ್ದನ್ನು ಕೇಳಿಸಿಕೊಂಡವರಂತೆ.

ಮರ್ವಿನ್ ಬೇಲಿ ಹತ್ತಲು ಹೋದ. ಜಾಕೆಟ್ಟು ತಂತಿಗೆ ಸಿಕ್ಕಿ ಕೆಳಗೆ ಬಂದ. ಕೂತಲ್ಲೇ ತಲೆಯ ಮೇಲೆ ಕೈ ಹೊತ್ತ. ಅಜ್ಜಿಗೆ ಅಯ್ಯೋ ಅನ್ನಿಸಿತು.

"ಅಳಬೇಡಪ್ಪ. ನಾನು ಓದೋವಾಗ ಬರೆದ ಚಿತ್ರ ತಂದಿದೀನಿ. ಕಟ್ಟಡದ್ದೇ. ಅಳತೆ ತಪ್ಪಿಲ್ಲ ಅಂತ ಮೇಷ್ಟ್ರು ಬಹುಮಾನ ಕೊಟ್ಟಿದ್ದರು."

ಮರ್ವಿನನ ಮುಖ ತಿಕ್ಕಿದ ಹಂಡೆಯ ಹಾಗೆ ಬೆಳಗಿತು. ಅಜ್ಜಿ ಚೀಲದಿಂದ ಹಳೆಯ ಸುರುಳಿ ತೆಗೆದು ಮೆಲ್ಲಗೆ ಬಿಡಿಸಿದರು.

ಬಾಗಿಲ ಮೇಲೆ ಕಲ್ಲಿನ ಹೆಂಗಸು. ಕೈಯಲ್ಲಿ ಹಲಗೆ.

"ಕಿಟಕೀಲಿ ಕಾಣೋದನ್ನ ಬರೀರಿ ಅಂತಿದ್ದರು ಮೇಷ್ಟ್ರು," ಎಂದರು ಮಿಸ್ ಎನಿಡ್. "ಮೂರು ವರ್ಷ ಎಲ್ಲರೂ ಇದನ್ನೇ ಬರೆದಿದ್ದು."

ಎರಡು ಚಿತ್ರಗಳನ್ನೂ ಪಕ್ಕಪಕ್ಕ ಹಿಡಿದು, ಕನ್ನಡಕ ಏರಿಸಿ ನೋಡಿದರು.

"ನಿಂದ್ರಲ್ಲಿ ಒಂದು ಗೆರೆ ಕಮ್ಮಿ ಇದೆ."